ಗೊರವಂಕ ಹೊತ್ತೊಯ್ದ ಮತ

ಕಾರೆ, ಕಮರ, ಎಲಚಿ, ಜಾಲಿ. ಇಷ್ಟು ಬಿಟ್ಟರೆ ನೆರಳಿಗೆಂದು ಬೇರೆ ಗಿಡ ಹುಡುಕಬೇಕಾದ ಕುರುಚಲು ಕಾಡೊಂದಿತ್ತು. ಮಳೆಗಾಲದಲ್ಲಿ ಅಲ್ಲಿ ಹಳ್ಳಕೊಳ್ಳ ಹರಿದು ಎಲ್ಲೆಲ್ಲೂ ನೀರೋ ನೀರು. ಬೇಸಿಗೆ ಬಂತೆಂದರೆ ನೀರು ಉಳಿಯುತ್ತಿದ್ದುದು ಒಂದೇ ಕಡೆ, ಬೋಳುಗುಡ್ಡದ ಬುಡದ ಮಡುವಿನಲ್ಲಿ.

ಆ ಮಡುವಿಗೆ ಎರಡು ದಡ. ಒಂದು ಮರಳಿನ ದಡ. ಅಲ್ಲಿ ನೀರು ಗೊರಸು ಮುಳುಗುವಷ್ಟು ಮಾತ್ರ, ತಳದ ಕಲ್ಲು ಕಾಣುವಷ್ಟು ತಿಳಿ. ಮೊಲ, ನವಿಲು, ಮುಳ್ಳುಹಂದಿಯಂಥ ಸಣ್ಣಪುಟ್ಟವರೆಲ್ಲ ಅಲ್ಲಿ ಭಯವಿಲ್ಲದೆ ಕುಡಿಯುತ್ತಿದ್ದರು. ಇನ್ನೊಂದು ಬಂಡೆಯ ದಡ. ಅಲ್ಲಿ ನೀರು ಕಪ್ಪು, ಆಳ. ಆ ಆಳದಲ್ಲಿ ಒಂದು ಮುದಿ ಮೊಸಳೆ ಮಲಗಿರುತ್ತಿತ್ತು. ಅದು ಯಾರ ಹಗೆಯೂ ಅಲ್ಲ, ಯಾರ ನೆಂಟನೂ ಅಲ್ಲ. ಹತ್ತಿರ ಬಂದದ್ದನ್ನು ತಿನ್ನುತ್ತಿತ್ತು, ಅಷ್ಟೆ.

ಯಾರು ಯಾವ ದಡದಲ್ಲಿ, ಯಾವ ಹೊತ್ತಿನಲ್ಲಿ ಕುಡಿಯಬೇಕು ಎಂದು ಗೊತ್ತುಮಾಡಲು ಒಬ್ಬರು ಬೇಕಲ್ಲ? ಊರ ಕೆರೆಯ ನೀರು ಹಂಚಲು ನೀರಗಂಟಿ ಇರುವಹಾಗೆ ಕಾಡಿನ ಮಡುವಿಗೂ ಒಬ್ಬರು ನೀರಗಂಟಿ ಇರುತ್ತಿದ್ದರು. ಪ್ರತಿ ಬೇಸಿಗೆಯ ಮೊದಲಿಗೆ ಪ್ರಾಣಿಗಳೆಲ್ಲ ಸೇರಿ ಅವರನ್ನು ಆರಿಸುತ್ತಿದ್ದರು. ನೀರಗಂಟಿ ಹೇಳಿದ ಮೇಲೆ ಮುಗಿಯಿತು, ಮುಂದಿನ ಬೇಸಿಗೆಯವರೆಗೆ ಯಾರೂ ಎದುರಾಡುವಂತಿಲ್ಲ.

ಆರಿಸುವ ರೀತಿ ಹೀಗಿತ್ತು, ಕೇಳಿ ಮಕ್ಕಳೇ. ಪ್ರತಿಯೊಬ್ಬರೂ ಹಳ್ಳದಿಂದ ಒಂದು ಕರಿಕಲ್ಲನ್ನು ಬಾಯಲ್ಲಿ ಕಚ್ಚಿಕೊಂಡು ಬೋಳುಗುಡ್ಡ ಹತ್ತಬೇಕು. ನೆತ್ತಿಯಲ್ಲಿ ಒಂದು ಗವಿ. ಒಳಗೆ ಕಣ್ಣಿಗೆ ಕಣ್ಣು ಕಾಣದ ಕತ್ತಲು. ಒಬ್ಬೊಬ್ಬರೇ ಒಳಹೊಕ್ಕು, ಗೋಡೆ ಸವರಿಕೊಂಡು, ಎಡಗಡೆಯ ಕುಳಿಗೋ ಬಲಗಡೆಯ ಕುಳಿಗೋ ಕಲ್ಲು ಬಿಟ್ಟು, ಆಚೆಯ ಕಂಡಿಯಿಂದ ಹೊರಗೆ ಬರಬೇಕು. ಸ್ಪರ್ಧೆಗೆ ನಿಂತ ಇಬ್ಬರಲ್ಲಿ ಎಡಗುಳಿ ಒಬ್ಬರದು, ಬಲಗುಳಿ ಇನ್ನೊಬ್ಬರದು. ಸಾಲಿನಲ್ಲಿ ನಿಂತವರ ಬಾಯಲ್ಲೆಲ್ಲ ಕಲ್ಲು ಇರುವುದರಿಂದ "ನಿನ್ನದು ಯಾರಿಗೆ?" ಎಂದು ಯಾರೂ ಕೇಳುವಂತಿಲ್ಲ, ಯಾರೂ ಹೇಳುವಂತಿಲ್ಲ. ಕೊನೆಗೆ ಎರಡೂ ಕುಳಿಯ ಕಲ್ಲನ್ನು ಹೊರಗಿನ ಹಾಸುಬಂಡೆಯ ಮೇಲೆ ಉರುಳಿಸಿ ಹಾಡುಹಗಲಲ್ಲಿ ಎಲ್ಲರೆದುರು ಎಣಿಸುತ್ತಿದ್ದರು. ಅನುಮಾನ ಇದ್ದವರು ತಮ್ಮ ಮೂತಿಯಿಂದಲೇ ಮತ್ತೊಮ್ಮೆ ಎಣಿಸಿ ನೋಡಬಹುದಿತ್ತು. ಒಳಗೆ ಕತ್ತಲು, ಹೊರಗೆ ಬೆಳಕು. ಈ ಪದ್ಧತಿ ಮಾಡಿದವರು ಯಾರೋ ಏನೋ, ಬುದ್ಧಿ ಇದ್ದವರು.

ಆ ಕಾಡಿನ ಒಂದು ಕಾರೆಪೊದೆಯಲ್ಲಿ ಕೆಂಚವ್ವ ಎಂಬ ಕೊಂಡಕುರಿ ಇದ್ದಳು. ಕೊಂಡಕುರಿ ಎಂದರೆ ಕುರಿಯಲ್ಲ. ಜಿಂಕೆಗಿಂತ ಚಿಕ್ಕದಾದ, ಎಲೆ ಅಲುಗಿದರೂ ಬೆಚ್ಚುವ ಪುಕ್ಕಲು ಪ್ರಾಣಿ. ಆ ವರುಷ ಅವಳಿಗೆ ಒಂದು ಹೆಣ್ಣುಮರಿ ಹುಟ್ಟಿತ್ತು. ಇನ್ನೂ ಕಾಲು ನೆಟ್ಟಗೆ ಊರಲು ಬಾರದ ಮರಿ, ಆದರೆ ತಾಯಿಯ ಮುಖಕ್ಕೆ ತಲೆಯಿಂದ ಗುದ್ದಿ ಆಟಕ್ಕೆ ಕರೆಯುವುದನ್ನು ಆಗಲೇ ಕಲಿತಿತ್ತು. ಕೆಂಚವ್ವನಿಗೆ ಆ ಮರಿಯೆಂದರೆ ಪ್ರಾಣ.

ಪೊದೆಯ ಮಗ್ಗುಲಲ್ಲಿಯೇ ಕೋರೆಯಪ್ಪ ಎಂಬ ಕಾಡುಹಂದಿಯ ಬಿಡಾರ. ಅವನ ಕೋರೆಹಲ್ಲಿಗೆ ಹೆದರಿ ನರಿಗಳು ಆ ಕಡೆ ಸುಳಿಯುತ್ತಿರಲಿಲ್ಲ. ಹಾಗಾಗಿ ಕೆಂಚವ್ವ ಮರಿಯನ್ನು ಪೊದೆಯಲ್ಲಿ ಬಿಟ್ಟು ನಿಶ್ಚಿಂತೆಯಿಂದ ಮೇಯಲು ಹೋಗುತ್ತಿದ್ದಳು.

"ನಮ್ಮ ನೆರಳಲ್ಲಿ ಇದೀಯ ಕೆಂಚವ್ವ, ಮರೀಬೇಡ" ಎಂದು ಕೋರೆಯಪ್ಪ ಆಗಾಗ ಹೇಳುತ್ತಿದ್ದ. ನಗುತ್ತಲೇ ಹೇಳುತ್ತಿದ್ದ, ಆದರೆ ಹೇಳುವುದನ್ನು ಬಿಡುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ನೀರಗಂಟಿಯಾಗಬೇಕೆಂದು ಕೋರೆಯಪ್ಪನೇ ಮುಂದೆ ಬಂದ. ಅವನ ಎದುರಿಗೆ ಕಡವಜ್ಜಿ. ವಯಸ್ಸಾದ ಕಡವೆ ಅವಳು, ಬಹಳ ವರುಷದಿಂದ ಮಡುವನ್ನು ನೋಡಿಕೊಂಡವಳು. ಮಾತು ಒರಟು, ಆದರೆ ಯಾರಿಗೂ ಅನ್ಯಾಯ ಮಾಡಿದವಳಲ್ಲ. ಕೋರೆಯಪ್ಪನಿಗೆ ಬೇಕಾಗಿದ್ದುದು ಏನೆಂದು ಎಲ್ಲರಿಗೂ ಗೊತ್ತಿತ್ತು. ಮರಳಿನ ದಡವನ್ನು ಕೆಸರುಮಾಡಿ ತನ್ನ ಹಿಂಡು ಹೊರಳಾಡಬೇಕು, ಸಣ್ಣವರು ಬಂಡೆಯ ದಡಕ್ಕೆ ಹೋಗಬೇಕು. ಗವಿಯ ಕತ್ತಲಲ್ಲಿ ಅವನ ಕುಳಿಗೆ ಅವನ ಹಿಂಡಿನ ಕಲ್ಲು ಬಿಟ್ಟರೆ ಬೇರೆ ಬೀಳುವಹಾಗಿರಲಿಲ್ಲ.

ಅಂಥ ಹೊತ್ತಿನಲ್ಲಿ ಒಂದು ಬೆಳಗ್ಗೆ, ಮಡುವಿನ ದಡದಲ್ಲಿ ಎಲ್ಲರೂ ಸೇರಿದ್ದಾಗ, ಗೊರವಂಕ ಹಾರಿಬಂದು ಎಲಚಿ ಕೊಂಬೆಯ ಮೇಲೆ ಕೂತಿತು. ಗೊರವಂಕನ ಹಿಂಡು ಕಾಡಿಗೆಲ್ಲ ಪರಿಚಿತ. ಯಾರ ದನಿ ಬೇಕಾದರೂ ಅನುಕರಿಸುವ ಹಕ್ಕಿ ಅದು.

"ಅಣ್ಣಂದಿರಾ, ಅಕ್ಕಂದಿರಾ" ಎಂದಿತು ಗೊರವಂಕ. "ಈ ಸುಡುಬಿಸಿಲಲ್ಲಿ ಯಾಕೆ ಗುಡ್ಡ ಹತ್ತಿ ಸಾಯ್ತೀರಿ? ಹೋದ ವರುಷ ಮೊಲದ ಹೆಂಡತಿ ಸಾಲಿನಲ್ಲೇ ಕಣ್ಣುಕತ್ತಲೆ ಬಂದು ಬಿದ್ದದ್ದು ಮರೆತುಹೋಯ್ತಾ? ನೀವು ನಿಮ್ಮ ನಿಮ್ಮ ಪೊದೆ, ಬಿಲದಲ್ಲೇ ಇರಿ. ನಾವೇ ನಿಮ್ಮ ಬಾಗಿಲಿಗೆ ಬರ್ತೀವಿ. ಯಾರು ಬೇಕು ಅಂತ ಕಿವಿಯಲ್ಲಿ ಹೇಳಿ, ಗುಟ್ಟಾಗಿ ಇಡ್ತೀವಿ. ಹುಣಸೆಮರದ ಪೊಟರೆಯಲ್ಲಿ ಕೂತು ಲೆಕ್ಕ ಕೂಡಿಸಿ, ಸಂಜೆಗೆ ಗೆದ್ದವರ ಹೆಸರು ಕೂಗ್ತೀವಿ."

"ಲೆಕ್ಕ ಕೂಡಿಸುವಾಗ ನಾವೂ ನೋಡಬಹುದೇನು?" ಎಂದು ಕೇಳಿದ ಕಿವಿಯಣ್ಣ. ಹಾಗೆ ಬಿದ್ದವಳ ಗಂಡ ಮೊಲ ಅವನೇ.

"ಪೊಟರೆಯ ಬಾಯಿ ಚಿಕ್ಕದು ಅಣ್ಣಾ. ನಮ್ಮನ್ನು ಬಿಟ್ಟು ಯಾರೂ ಒಳಗೆ ಹಿಡಿಸಲ್ಲ."

"ಮತ್ತೆ ನೀನು ಸರಿಯಾಗಿ ಹೊತ್ತುಕೊಂಡು ಹೋಗ್ತೀಯ ಅಂತ ನಂಬೋದು ಹೇಗೆ?"

ಗೊರವಂಕ ಕತ್ತು ಕೊಂಕಿಸಿ, ಕಿವಿಯಣ್ಣನ ದನಿಯಲ್ಲೇ, "ಮತ್ತೆ ನೀನು ಸರಿಯಾಗಿ ಹೊತ್ತುಕೊಂಡು ಹೋಗ್ತೀಯ ಅಂತ ನಂಬೋದು ಹೇಗೆ?" ಎಂದಿತು. ಒಂದು ಅಕ್ಷರ ಆಚೀಚೆ ಇಲ್ಲ. ಕಿವಿಯಣ್ಣನ ಹೆಂಡತಿ ಗಾಬರಿಯಾಗಿ ಗಂಡನ ಬಾಯಿ ನೋಡಿದಳು. ಎಲ್ಲರೂ ಗೊಳ್ಳೆಂದು ನಕ್ಕರು, ಬೆರಗಾದರು, ತಲೆದೂಗಿದರು.

ಇಲ್ಲೇ ನೋಡಿ ಮಕ್ಕಳೇ ಅವರು ಎಡವಿದ್ದು. ಯಾರ ದನಿಯನ್ನಾದರೂ ಹೊರಡಿಸಬಲ್ಲವನು ಯಾರ ಹೆಸರಿನಲ್ಲಾದರೂ ಮಾತಾಡಬಲ್ಲ. ಹೆದರಬೇಕಾದ ವಿದ್ಯೆಯನ್ನೇ ಅವರು ನಂಬಿಕೆಗೆ ಆಧಾರ ಮಾಡಿಕೊಂಡರು.

ಮುಳ್ಳುಹಂದಿ ಮುಳ್ಳಕ್ಕ ಮಾತ್ರ ನಗಲಿಲ್ಲ. "ಈ ಗೊರವಂಕಗಳು ದಿನಾ ಕೂರೋದು ಯಾರ ಬೆನ್ನ ಮೇಲೆ? ಕೋರೆಯಪ್ಪ ನೆಲ ಅಗೆದರೆ ಏಳೋ ಹುಳ ತಿಂದು ಬದುಕೋವು ಇವು" ಎಂದಳು.

ಕಡವಜ್ಜಿ ಮುಂದೆ ಬಂದಳು. "ಗವಿಯ ಕತ್ತಲು ಇರೋದು ಯಾಕೆ ಗೊತ್ತೇನ್ರೋ? ನಿಮ್ಮ ಕಲ್ಲು ಕೋರೆಯಪ್ಪನಿಗೂ ಕಾಣಬಾರದು, ನನಗೂ ಕಾಣಬಾರದು ಅಂತ. ಅವರವರ ಮನೇಲಿ ಕೂತು ಹೇಳೋವಾಗ ಮಗ್ಗುಲಲ್ಲಿ ಯಾರು ಕೂತಿರ್ತಾರೋ ಯಾರು ಬಲ್ಲರು? ಬಿಸಿಲಾದರೆ ತಂಪು ಹೊತ್ತಲ್ಲಿ ಹತ್ತಿ. ಕೈಲಾಗದವರನ್ನ ಒಬ್ಬರಿಗೊಬ್ಬರು ಹಿಡಿದು ಹತ್ತಿಸಿ."

ಆಗ ಕೆಂಚವ್ವನಿಗೆ ರೇಗಿತು. ಅವಳ ಹಿಂಗಾಲಿಗೆ ಜಾಲಿಮುಳ್ಳು ಮುರಿದುಕೊಂಡು ಕೀವಾಗಿತ್ತು. ಗುಡ್ಡ ಎಂದರೆ ಎದೆ ಝಲ್ಲೆನ್ನುತ್ತಿತ್ತು.

"ನಿಮಗೇನು ಅಜ್ಜೀ, ಉದ್ದುದ್ದ ಕಾಲು, ಹೇಳ್ತೀರಿ. ಈ ಕಾಲಲ್ಲಿ, ಹಸುಗೂಸು ಕಟ್ಕೊಂಡು ಒಂದು ಸಲ ಹತ್ತಿ ನೋಡಿ" ಎಂದಳು.

"ಮರಿಯನ್ನ ನಾನು ನೋಡ್ಕೋತೀನಿ ಕಣೆ, ನೀನು ನಿಧಾನಕ್ಕೆ ಹತ್ತು" ಎಂದಳು ಮುಳ್ಳಕ್ಕ.

"ಬಾಗಿಲಿಗೆ ಬರೋದನ್ನ ಬೇಡ ಅಂದು ಕಾಲು ಕಳ್ಕೊಳ್ಳೋಕೆ ನನಗೇನು ಹುಚ್ಚೇ? ಅಜ್ಜಿಗೆ ತನ್ನ ಗದ್ದುಗೆ ಹೋಗುತ್ತೆ ಅಂತ ಭಯ, ಅದಕ್ಕೆ ಕತೆ ಹೇಳ್ತಿದಾರೆ."

ಕಡವಜ್ಜಿ ತಾನೇ ಸ್ಪರ್ಧೆಗೆ ನಿಂತವಳು, ಇನ್ನೇನು ಹೇಳಿದರೂ ಸ್ವಾರ್ಥ ಎನ್ನಿಸಿಕೊಳ್ಳುತ್ತಿತ್ತು. ಅವಳು ಕೆಂಚವ್ವನನ್ನು ಒಂದು ಗಳಿಗೆ ನೋಡಿ ತಲೆ ತಗ್ಗಿಸಿದಳು. ಉಳಿದವರಿಗೂ ಬಿಸಿಲು ಬೇಡವಾಗಿತ್ತು. ಗೊರವಂಕನ ಮಾತೇ ಆಗಲಿ ಎಂದು ತೀರ್ಮಾನವಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದು ಇದಕ್ಕೇ.

ಮತದ ದಿನ ಬಂತು. ಕೆಂಚವ್ವ ಪೊದೆಯಲ್ಲಿ ಮರಿಗೆ ಹಾಲೂಡಿಸುತ್ತ ಕಾಲು ಚಾಚಿ ಮಲಗಿದ್ದಳು. ಎಂಥ ಆರಾಮ ಎಂದುಕೊಂಡಳು. ಮನಸ್ಸಿನಲ್ಲಿ ಕಡವಜ್ಜಿಯ ಹೆಸರೇ ಇತ್ತು. ಅಂದು ಅಜ್ಜಿಗೆ ಒಂದು ಮಾತು ಅಂದದ್ದು ನಿಜ, ಆದರೆ ಮರಿ ನೀರು ಕುಡಿಯಬೇಕಾದದ್ದು ಮರಳಿನ ದಡದಲ್ಲಿ ತಾನೇ? ಅದರಲ್ಲಿ ಅವಳಿಗೆ ಎರಡು ಮನಸ್ಸು ಇರಲಿಲ್ಲ.

ಗೊರವಂಕ ಬಂದು ಕಾರೆಯ ಟೊಂಗೆಯ ಮೇಲೆ ಕೂತಿತು. "ಹೇಳು ಕೆಂಚವ್ವ, ಯಾರು?"

ಕೆಂಚವ್ವ ಬಾಯಿ ತೆರೆದಳು. ಅಷ್ಟರಲ್ಲಿ ಪೊದೆಯ ಆಚೆ ದೊಪ್ಪೆಂದು ಸದ್ದಾಯಿತು. ಕೋರೆಯಪ್ಪ ಬಂದು ಪೊದೆಗೆ ಬೆನ್ನು ಕೊಟ್ಟು ಮಲಗಿದ. ಮೈ ತುರಿಸಿಕೊಂಡ. ಇಡೀ ಪೊದೆ ಅಲುಗಿತು.

"ಹೇಳವ್ವ, ಹೇಳು" ಎಂದ. "ನಾನೇನು ಹೊರಗಿನವನೇ? ನೆರೆಮನೆಯವನು. ನನ್ನ ಪಾಡಿಗೆ ನಾನು ಮಲಗಿರ್ತೀನಿ."

ಮರಿ ಹಾಲು ಬಿಟ್ಟು, ಪೊದೆಯ ಸಂದಿಯಿಂದ ಕಾಣುತ್ತಿದ್ದ ಕೋರೆಹಲ್ಲನ್ನು ಮೂಸಲು ಹೋಯಿತು. ಕೆಂಚವ್ವ ಮೂತಿಯಿಂದ ಅದನ್ನು ಹಿಂದಕ್ಕೆ ಎಳೆದುಕೊಂಡಳು.

"ಮರಿ ಚೆನ್ನಾಗಿ ಬೆಳೀತಿದೆ" ಎಂದ ಕೋರೆಯಪ್ಪ. "ಈ ಸಲ ನರಿಗಳ ಕಾಟ ಜಾಸ್ತಿಯಂತೆ. ನಾವು ಬಿಡಾರ ಬದಲಾಯಿಸಿದರೆ ನಿನಗೆ ಕಷ್ಟ."

ಮತ್ತೊಮ್ಮೆ ಬೆನ್ನು ಉಜ್ಜಿದ, ಪೊದೆ ಅಲುಗಿತು.

"ಕೋರೆಯಪ್ಪ" ಎಂದಳು ಕೆಂಚವ್ವ. ಕರೆದದ್ದಲ್ಲ, ಮತ ಹೇಳಿದ್ದು. ಗೊರವಂಕ ತಲೆಯಾಡಿಸಿ ಹಾರಿತು. ಕೋರೆಯಪ್ಪ ಎದ್ದು ಮೈಕೊಡವಿ ಮುಂದಿನ ಪೊದೆಯ ಕಡೆಗೆ ಹೊರಟ. ಗೊರವಂಕನೂ ಆ ಕಡೆಗೇ ಹೋಗುತ್ತಿತ್ತು.

ಅವನು ಮರೆಯಾದ ಮೇಲೆ ಕೆಂಚವ್ವ ಕುಂಟುತ್ತ ಹೊರಗೆ ಓಡಿ, "ಗೊರವಂಕಾ, ಬಾ ಇಲ್ಲಿ, ಒಂದು ಮಾತು!" ಎಂದು ಕೂಗಿದಳು. ಗೊರವಂಕ ಒಂದು ಸುತ್ತು ಹಾಕಿ ಬಂತು.

"ಅದನ್ನ ಬದಲಾಯಿಸಬಹುದಾ?"

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಗಾದೆ ಕೇಳಿಲ್ವೇನವ್ವ?"

"ಯಾರಿಗೂ ಹೇಳಬೇಡ, ಅಷ್ಟಾದರೂ ಮಾಡು."

"ನನ್ನ ಎದೇಲೇ ಇರುತ್ತೆ, ಹೆದರಬೇಡ" ಎಂದು ಅದು ಹೊರಟುಹೋಯಿತು.

ಕೆಂಚವ್ವ ಮರಿಯ ಪಕ್ಕದಲ್ಲಿ ಮಲಗಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನನ್ನದು ಒಂದು ಮತ. ಒಂದರಿಂದ ಏನಾಗುತ್ತದೆ? ಕಿವಿಯಣ್ಣ ಇದ್ದಾನೆ, ಮುಳ್ಳಕ್ಕ ಇದ್ದಾಳೆ, ನವಿಲುಗಳಿವೆ, ಉಳಿದವರೆಲ್ಲ ಕಡವಜ್ಜಿಯ ಕಡೆಯೇ. ಹೀಗೆಂದುಕೊಂಡು ಕಣ್ಣು ಮುಚ್ಚಿದಳು. ಆ ಹೊತ್ತಿನಲ್ಲಿ ಇನ್ನೆಷ್ಟು ಪೊದೆಗಳಲ್ಲಿ ಇನ್ನೆಷ್ಟು ಜನ ಇದನ್ನೇ ಅಂದುಕೊಂಡು ಕಣ್ಣು ಮುಚ್ಚಿದ್ದರೋ, ಅವಳಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ.

ಸಂಜೆ ಮಡುವಿನ ದಡದಲ್ಲಿ ಎಲ್ಲರೂ ಕೂಡಿದರು. ಗೊರವಂಕ ಪೊಟರೆಯಿಂದ ಹೊರಬಂದು ಕೂಗಿತು. "ಕೋರೆಯಪ್ಪ ಗೆದ್ದ! ಕಡವಜ್ಜಿಗೆ ಬಂದದ್ದು ಬೆರಳೆಣಿಕೆಯಷ್ಟು!"

ಹಂದಿಗಳ ಹಿಂಡು ಕೇಕೆ ಹಾಕಿತು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದು ಹೇಗೆ ಸಾಧ್ಯ?" ಎಂದ ಕಿವಿಯಣ್ಣ. "ನಮಗೆ ಎಣಿಸಿ ತೋರಿಸು."

"ಮಾತನ್ನ ಕಲ್ಲಿನ ಹಾಗೆ ರಾಶಿ ಹಾಕೋಕಾಗುತ್ತಾ? ಬೇಕಿದ್ದರೆ ಒಬ್ಬೊಬ್ಬರು ಹೇಳಿದ್ದನ್ನ ಅವರವರ ದನಿಯಲ್ಲೇ ಕೇಳಿಸ್ತೀನಿ."

"ಗುಟ್ಟಾಗಿ ಇಡ್ತೀನಿ ಅಂದಿದ್ಯಲ್ಲೋ?" ಎಂದಳು ಮುಳ್ಳಕ್ಕ.

"ಸಾಕ್ಷಿ ಕೇಳಿದವರು ನೀವೇ. ಗುಟ್ಟೂ ಉಳೀಬೇಕು, ಸಾಕ್ಷಿಯೂ ಬೇಕು ಅಂದರೆ ನಾನೇನು ಮಾಡಲಿ?"

"ಗವಿಯಲ್ಲಿ ಎರಡೂ ಇತ್ತು" ಎಂದಳು ಕಡವಜ್ಜಿ, ತನ್ನಷ್ಟಕ್ಕೆ ಎಂಬಂತೆ.

ಗೊರವಂಕ ಎದೆ ಉಬ್ಬಿಸಿ ಮೊದಲು ಕಿವಿಯಣ್ಣನ ದನಿ ಹೊರಡಿಸಿತು. "ಕೋರೆಯಪ್ಪ." ಆಮೇಲೆ ಮುಳ್ಳಕ್ಕನ ದನಿ. "ಕೋರೆಯಪ್ಪ."

ಕಿವಿಯಣ್ಣ ನೆಗೆದು ನಿಂತ. "ಸುಳ್ಳು! ನಾನು ಕಡವಜ್ಜಿ ಅಂತ ಹೇಳಿದ್ದು! ನನ್ನ ಮಕ್ಕಳ ಮೇಲಾಣೆ!"

"ನಾನೂ ಅಜ್ಜಿ ಹೆಸರೇ ಹೇಳಿದ್ದು! ಈ ಹಕ್ಕಿ ಮೋಸ ಮಾಡಿದೆ!" ಎಂದು ಮುಳ್ಳಕ್ಕ ಮುಳ್ಳು ನಿಗುರಿಸಿದಳು.

ಗದ್ದಲವೆದ್ದಿತು. ಆಗ ಗೊರವಂಕ ಎಲ್ಲರನ್ನೂ ಮೀರಿಸಿ ಮತ್ತೊಂದು ದನಿ ತೆಗೆಯಿತು. ಸಣ್ಣ ದನಿ, ಸ್ವಲ್ಪ ನಡುಗುವ ದನಿ. "ಕೋರೆಯಪ್ಪ."

ಎಲ್ಲರೂ ಕೆಂಚವ್ವನ ಕಡೆ ತಿರುಗಿದರು.

"ಕೆಂಚವ್ವ, ನೀನು ಹೇಳು" ಎಂದ ಕಿವಿಯಣ್ಣ. ಅವನ ದನಿಯಲ್ಲಿ ಆಸೆಯಿತ್ತು. "ನೀನು ಸುಳ್ಳಾಡೋಳಲ್ಲ. ನೀನು ಹೀಗೆ ಹೇಳಿದ್ದು ಹೌದಾ?"

ಕೆಂಚವ್ವನಿಗೆ ಅತ್ತ ದರಿ, ಇತ್ತ ಪುಲಿ. "ಹೌದು, ಹೇಳಿದೆ. ಅವನು ಬಂದು ಪೊದೆಗೆ ಒರಗಿ ಮಲಗಿದ್ದ, ಹೆದರಿ ಹೇಳಿದೆ" ಎಂದುಬಿಟ್ಟಿದ್ದರೆ ಏನಾಗುತ್ತಿತ್ತು? ಬಹುಶಃ ಇನ್ನೊಬ್ಬರು ಎದ್ದು, "ನಮ್ಮ ಬಿಲದ ಹತ್ತಿರವೂ ಬಂದಿದ್ದ" ಎನ್ನುತ್ತಿದ್ದರು. ಮತ್ತೊಬ್ಬರು ಎನ್ನುತ್ತಿದ್ದರು. ಆದರೆ ಅಷ್ಟು ಜನರೆದುರು ತನ್ನ ಹೇಡಿತನವನ್ನು ಒಪ್ಪಿಕೊಳ್ಳುವುದಕ್ಕೆ ಅವಳಿಗೆ ನಾಚಿಕೆಯಾಯಿತು. ಅಂದು ಮಡುವಿನ ದಡದಲ್ಲಿ ಗೊರವಂಕನ ಪರವಾಗಿ ಬಾಯಿ ಮಾಡಿದವಳೂ ಅವಳೇ.

"ಇಲ್ಲ" ಎಂದಳು. "ನಾನೂ ಕಡವಜ್ಜಿ ಅಂತಲೇ ಹೇಳಿದ್ದು."

ಕೋರೆಯಪ್ಪ ನಿಧಾನವಾಗಿ ಎದ್ದು ಮುಂದೆ ಬಂದ. ಅವನಿಗೆ ಬೇಕಾಗಿದ್ದುದೂ ಅದೇ ಮಾತು.

"ನಿನ್ನ ಪೊದೆಯ ಮಗ್ಗುಲಲ್ಲಿ ಮಲಗಿದ್ದೆ ಕೆಂಚವ್ವ. ನನ್ನ ಹೆಸರು ನೀನು ಹೇಳಿದ್ದನ್ನ ಕಿವಿಯಾರೆ ಕೇಳಿದೀನಿ. ಅಲ್ಲ ಅನ್ನೋದಾದರೆ ಮರಿಯ ಮೇಲೆ ಆಣೆ ಇಡು."

ಮರಿ ತಾಯಿಯ ಕಾಲುಗಳ ನಡುವೆ ನಿಂತು ಎಲ್ಲರನ್ನೂ ಪಿಳಿಪಿಳಿ ನೋಡುತ್ತಿತ್ತು. ಕೆಂಚವ್ವನ ಬಾಯಿಂದ ಆಣೆ ಹೊರಡಲಿಲ್ಲ. ಅವಳ ಕಣ್ಣಿಂದ ನೀರು ಇಳಿಯಿತು.

"ನೋಡಿದಿರಾ?" ಎಂದ ಕೋರೆಯಪ್ಪ. "ಹೇಳಿದ್ದನ್ನ ಹೇಳಿಲ್ಲ ಅಂತಾಳೆ. ಇವಳು ಹೀಗಾದರೆ ಇವರೆಲ್ಲ ಹೀಗೇ. ಹಕ್ಕಿ ಸುಳ್ಳು ಹೇಳಿಲ್ಲ. ನೀವು ರಹಸ್ಯದಲ್ಲಿ ನನಗೆ ಮತ ಕೊಟ್ಟು, ಬೀದೀಲಿ ಅಜ್ಜಿ ಅಜ್ಜಿ ಅಂತಿದೀರಿ."

ಕಿವಿಯಣ್ಣ ಏನೋ ಹೇಳಲು ಹೋದ. ಆದರೆ ಮುಳ್ಳಕ್ಕ ಆಗಲೇ ಅವನನ್ನು ಅನುಮಾನದಿಂದ ನೋಡುತ್ತಿದ್ದಳು. ಅವನೂ ಅವಳನ್ನು ಹಾಗೆಯೇ ನೋಡಿದ. ನವಿಲುಗಳು ತಮ್ಮತಮ್ಮಲ್ಲೇ ಗುಸುಗುಸು ಎಂದವು. ಒಬ್ಬೊಬ್ಬರಾಗಿ ಎದ್ದುಹೋದರು. ಕಿವಿಯಣ್ಣ ನಿಜ ಹೇಳಿದನೋ, ಅವನ ಬಿಲದ ಬಾಯಿಗೂ ಕೋರೆಯಪ್ಪ ಬಂದು ಮಲಗಿದ್ದನೋ, ಗೊರವಂಕ ತಿರುಚಿತೋ, ಇಂದಿಗೂ ಯಾರಿಗೂ ತಿಳಿಯದು. ತಿಳಿಯುವುದಕ್ಕೆ ಒಂದೇ ಒಂದು ಕಲ್ಲೂ ಉಳಿದಿರಲಿಲ್ಲ.

ಕಡವಜ್ಜಿ ಹೋಗುವ ಮೊದಲು ಕೆಂಚವ್ವನ ಬಳಿ ಬಂದಳು. ಬೈಯುತ್ತಾಳೆಂದು ಕೆಂಚವ್ವ ತಲೆ ತಗ್ಗಿಸಿದಳು. ಅಜ್ಜಿ ಬೈಯಲಿಲ್ಲ. "ಕಾಲಿನ ಕೀವು ತೆಗೆಸಿಕೊ ಮಗಳೇ" ಎಂದಷ್ಟೇ ಹೇಳಿ ಗುಡ್ಡದ ಆಚೆ ಬದಿಗೆ ಹೊರಟುಹೋದಳು. ಆ ಕಾಡಿನಲ್ಲಿ ಅವಳನ್ನು ಮತ್ತೆ ಯಾರೂ ನೋಡಲಿಲ್ಲ.

ಮಾರನೆಯ ದಿನವೇ ಹಂದಿಗಳು ಮರಳಿನ ದಡಕ್ಕೆ ಇಳಿದವು. ಅಗೆದು, ಹೊರಳಿ, ತಿಳಿನೀರನ್ನೆಲ್ಲ ರಾಡಿ ಮಾಡಿದವು. ಸಣ್ಣವರು ಬಂಡೆಯ ದಡಕ್ಕೆ ಹೋಗಬೇಕೆಂದು ಹೊಸ ನೀರಗಂಟಿಯ ಅಪ್ಪಣೆಯಾಯಿತು.

ಬಂಡೆಯ ದಡದಲ್ಲೂ ಬದುಕುವ ದಾರಿ ಇತ್ತು ಮಕ್ಕಳೇ. ಒಬ್ಬರು ಬಂಡೆಯ ಮೇಲೆ ನಿಂತು ನೀರು ಕಾಯಬೇಕು, ಮೊಸಳೆಯ ಗುಳ್ಳೆ ಎದ್ದರೆ ಕೂಗಬೇಕು, ಉಳಿದವರು ಕುಡಿಯಬೇಕು. ಆಮೇಲೆ ಕಾದವರು ಕುಡಿಯಬೇಕು, ಕುಡಿದವರು ಕಾಯಬೇಕು. ಆದರೆ ಇನ್ನೊಬ್ಬರ ಕಣ್ಣನ್ನು ನಂಬಿ ನೀರಿಗೆ ತಲೆ ಬಗ್ಗಿಸುವುದಕ್ಕೆ ಯಾರಿಗೂ ಧೈರ್ಯವಿರಲಿಲ್ಲ. ಯಾರು ಕೋರೆಯಪ್ಪನ ಕಡೆಯವರೋ, ಯಾರು ಬಾಯಲ್ಲಿ ಒಂದು ಹೇಳಿ ಕಿವಿಯಲ್ಲಿ ಇನ್ನೊಂದು ಹೇಳಿದವರೋ! ಒಬ್ಬೊಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ, ಕದ್ದು ಬಂದವರ ಹಾಗೆ ಬಂದು, ಗುಟುಕು ನೀರು ಕುಡಿದು ಓಡುತ್ತಿದ್ದರು.

ಕೆಂಚವ್ವನಿಗೆ ತಡೆಯಲಾಗಲಿಲ್ಲ. ಒಂದು ದಿನ ಮರಿಯನ್ನು ಕರೆದುಕೊಂಡು ಕಿವಿಯಣ್ಣನ ಬಿಲದ ಮುಂದೆ ಹೋಗಿ ನಿಂತಳು.

"ಅಣ್ಣಾ, ನಾನು ಅವತ್ತು ಸುಳ್ಳು ಹೇಳಿದೆ" ಎಂದಳು. "ಕೋರೆಯಪ್ಪನ ಹೆಸರು ಹೇಳಿದ್ದು ನಿಜ. ಅವನು ಪಕ್ಕದಲ್ಲೇ ಇದ್ದ, ಮರಿಯ ಮಾತೆತ್ತಿದ, ಹೆದರಿಬಿಟ್ಟೆ. ನನ್ನಿಂದ ನಿನ್ನ ಮಾತೂ ಮಣ್ಣುಪಾಲಾಯ್ತು. ತಪ್ಪಾಯ್ತು. ಆದರೆ ಈಗ ನಾವು ಒಬ್ಬರಿಗೊಬ್ಬರು ಕಾಯದಿದ್ದರೆ ಯಾರೂ ಉಳಿಯಲ್ಲ. ನೀನು ಕುಡಿಯುವಾಗ ನಾನು ಕಾಯ್ತೀನಿ, ನನ್ನ ಮರಿ ಕುಡಿಯುವಾಗ ನೀನು ಬಂಡೆಯ ಮೇಲೆ ನಿಲ್ಲು."

ಕಿವಿಯಣ್ಣ ಬಿಲದೊಳಗಿಂದ ಮೂತಿಯಷ್ಟೇ ತೋರಿಸಿದ.

"ಗೊರವಂಕನ ಹತ್ತಿರ ಒಂದು ಹೇಳಿದೆ. ನಮ್ಮೆಲ್ಲರ ಎದುರು ಒಂದು ಹೇಳಿದೆ. ಈಗ ಮೂರನೆಯದು ಹೇಳ್ತಿದೀಯ. ಇದರಲ್ಲಿ ಯಾವುದನ್ನ ನಂಬಲಿ?"

"ಇದು ನಿಜ ಅಣ್ಣಾ."

"ಇದನ್ನೂ ಕೋರೆಯಪ್ಪನೇ ಹೇಳಿಸಿ ಕಳಿಸಿಲ್ಲ ಅಂತ ಏನು ಖಾತ್ರಿ? ನನಗೂ ಮಕ್ಕಳಿದಾರೆ. ಹೋಗವ್ವ."

ಕೆಂಚವ್ವ ಮುಳ್ಳಕ್ಕನ ಹತ್ತಿರವೂ ಹೋದಳು. ಮುಳ್ಳಕ್ಕ ಬೆನ್ನು ತಿರುಗಿಸಿ ಮುಳ್ಳು ನಿಗುರಿಸಿದಳು. ಮರಿಯನ್ನು ನೋಡಿಕೊಳ್ಳುತ್ತೇನೆ ಎಂದು ತಾನಾಗಿ ಬಂದಿದ್ದ ಮುಳ್ಳಕ್ಕ ಅವಳೇ.

ಬಿಸಿಲು ಏರಿತು. ಮಡು ಇಳಿಯಿತು. ಮರಿ ಹಾಲು ಬಿಟ್ಟು ನೀರು ಕುಡಿಯುವ ವಯಸ್ಸಿಗೆ ಬಂತು. ದಿನವೂ ಕೆಂಚವ್ವ ಅದನ್ನು ಬಂಡೆಯ ದಡಕ್ಕೆ ಕರೆತಂದು, ತಾನು ಮೇಲೆ ನಿಂತು ರೆಪ್ಪೆ ಬಡಿಯದೆ ನೀರು ನೋಡುತ್ತಿದ್ದಳು. ಮರಿ ಕುಡಿದು ಮೇಲೆ ಬಂದ ಮೇಲೆ ಅದನ್ನು ದೂರದ ಗಿಡದ ಬುಡದಲ್ಲಿ ಕೂರಿಸಿ, ತಾನು ಇಳಿದು ಬೇಗಬೇಗ ಕುಡಿಯುತ್ತಿದ್ದಳು. ಹೀಗೆ ಬಹಳ ದಿನ ನಡೆಯಿತು. ಹೀಗೇ ಬೇಸಿಗೆ ಕಳೆದುಬಿಡುತ್ತದೆ ಎಂದು ಅವಳು ನಂಬತೊಡಗಿದ್ದಳು.

ಒಂದು ಮಧ್ಯಾಹ್ನ ಅವಳು ತಲೆ ಬಗ್ಗಿಸಿ ಕುಡಿಯುತ್ತಿದ್ದಾಗ ಮರಿಗೆ ಬೇಸರವಾಯಿತು. ಅದು ಗಿಡದ ಬುಡದಿಂದೆದ್ದು ತಾಯಿಯ ಮುಖಕ್ಕೆ ಗುದ್ದಿ ಆಡಬೇಕೆಂದು ಕುಣಿಯುತ್ತ ಬಂತು. ತಾಯಿಯ ಮಗ್ಗುಲಲ್ಲೇ, ನೀರಿನ ಅಂಚಿನಲ್ಲಿ ಬಂದು ನಿಂತಿತು. ಬಂಡೆಯ ಮೇಲೆ ಒಬ್ಬರಿದ್ದಿದ್ದರೆ ಗುಳ್ಳೆ ಕಾಣುತ್ತಿತ್ತು. ಒಂದು ಕೂಗು ಸಾಕಾಗುತ್ತಿತ್ತು. ಬಂಡೆಯ ಮೇಲೆ ಯಾರೂ ಇರಲಿಲ್ಲ.

ಕೆಂಚವ್ವ ತಲೆ ಎತ್ತಿದಾಗ ನೀರು ಕಲಕಿತ್ತು. ಮರಿ ಇರಲಿಲ್ಲ.

ಅವಳು ಕಿರುಚಿದ್ದು ಕಾಡಿಗೆಲ್ಲ ಕೇಳಿಸಿತು. ಕಿವಿಯಣ್ಣ ಬಿಲದಲ್ಲಿ ಕಿವಿ ನಿಮಿರಿಸಿದ. ಮುಳ್ಳಕ್ಕ ಒಂದು ಹೆಜ್ಜೆ ಹೊರಗಿಟ್ಟು ನಿಂತಳು. ಇದು ಕೆಂಚವ್ವನೋ, ಅವಳ ದನಿ ತೆಗೆದು ಕರೆಯುತ್ತಿರುವ ಗೊರವಂಕನೋ ಎಂದು ಇಬ್ಬರಿಗೂ ಅನುಮಾನ ಬಂತು. ಇಬ್ಬರೂ ಒಳಗೇ ಉಳಿದರು.

ಮಳೆ ಬಂತು, ಹೋಯಿತು. ಮತ್ತೆ ಬೇಸಿಗೆ ಬಂತು. ಕೆಂಚವ್ವ ಕಾರೆಪೊದೆಯಲ್ಲಿ ಒಬ್ಬಳೇ ಮಲಗಿರುತ್ತಿದ್ದಳು. ಹಿಂಗಾಲು ಎಂದೋ ವಾಸಿಯಾಗಿತ್ತು. ಈಗ ಯಾವ ಗುಡ್ಡವನ್ನಾದರೂ ಹತ್ತಬಹುದಿತ್ತು, ಆದರೆ ಹತ್ತಿ ಎಲ್ಲಿಗೆ ಹೋಗಬೇಕು?

ಮತದ ದಿನ ಗೊರವಂಕ ಬಂದು ಟೊಂಗೆಯ ಮೇಲೆ ಕೂತಿತು.

"ಯಾರು ಕೆಂಚವ್ವ?"

ಕೆಂಚವ್ವ ಅದನ್ನು ನೋಡಿದಳು. ಬಾಯಿ ತೆರೆದಳು, ಆದರೆ ಮಾತು ಹೊರಡಲಿಲ್ಲ. ಮರಿ ಹೋದ ದಿನದಿಂದ ಅವಳು ಯಾರೊಂದಿಗೂ ಮಾತಾಡಿರಲಿಲ್ಲ.

"ಇರಲಿ ಬಿಡವ್ವ, ಸುಮ್ಮನೆ ಆಯಾಸ ಮಾಡ್ಕೋಬೇಡ" ಎಂದಿತು ಗೊರವಂಕ, ಬಹಳ ಮರುಕದಿಂದ. "ನಿನ್ನ ಪರವಾಗಿ ನಾನೇ ಹೇಳ್ತೀನಿ."

ನೀತಿ: ಹೇಳುವಾಗ ಗುಟ್ಟು, ಎಣಿಸುವಾಗ ಬಯಲು, ಇವೆರಡೂ ಇಲ್ಲದ ಕಡೆ ಕೊಟ್ಟ ಮತ ನಮ್ಮದಾಗಿ ಉಳಿಯುವುದಿಲ್ಲ, ಸುಲಭವೆಂದು ಅದನ್ನು ಒಮ್ಮೆ ಬಿಟ್ಟುಕೊಟ್ಟರೆ ಮತದ ಜೊತೆಗೆ ಒಬ್ಬರ ಮೇಲೊಬ್ಬರಿಗಿದ್ದ ನಂಬಿಕೆಯೂ ಹೋಗುತ್ತದೆ.